ಆಂಟಿಗಾ: ಹೊಳೆಯಿಲ್ಲದ ದ್ವೀಪದಲ್ಲಿ ನೋಡಬೇಕಾದ್ದು, ಬಿಡಬಹುದಾದ್ದು

ಆಂಟಿಗಾದಲ್ಲಿ ವರ್ಷದ ದಿನಕ್ಕೊಂದರಂತೆ 365 ಕಡಲತೀರಗಳಿವೆಯಂತೆ. ಟ್ಯಾಕ್ಸಿ ಚಾಲಕರಿಂದ ಹಿಡಿದು ಹೋಟೆಲಿನ ಕರಪತ್ರದವರೆಗೆ ಎಲ್ಲೆಲ್ಲೂ ಇದೇ ಲೆಕ್ಕ. ತೀರಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಳಿ ಮರಳು, ನೀಲಿ ನೀರು ಕೆರಿಬಿಯನ್‌ನ ಇನ್ನೂ ಹತ್ತು ದ್ವೀಪಗಳಲ್ಲಿ ಸಿಗುತ್ತದೆ. ಅಷ್ಟು ದೂರ ಹೋದ ಮೇಲೆ ಆಂಟಿಗಾದಲ್ಲಿ ನೋಡಬೇಕಾದ್ದು ಅಲ್ಲಿನ ಕಲ್ಲುಕಟ್ಟಡಗಳನ್ನು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಈ ನೆಲದಲ್ಲಿ ಬ್ರಿಟಿಷರು ದೊಡ್ಡ ನೌಕಾನೆಲೆ ಕಟ್ಟಿದರು, ಗುಡ್ಡಬಯಲೆಲ್ಲ ಕಬ್ಬು ಹಾಕಿಸಿದರು. ಎರಡನ್ನೂ ಮಾಡಿಸಿದ್ದು ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ಕೈಯಲ್ಲಿ. ಎಲ್ಲಿಗೆ ಹೋದರೂ ‘ಇಲ್ಲಿಗೆ ನೀರು ಎಲ್ಲಿಂದ ಬರುತ್ತಿತ್ತು?’ ಎಂದು ಒಂದು ಸಲ ಕೇಳಿಕೊಂಡರೆ ಸಾಕು, ಆ ಜಾಗದ ಅರ್ಧ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ದ್ವೀಪದ ವಿಸ್ತೀರ್ಣ 281 ಚದರ ಕಿಲೋಮೀಟರ್, ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಕಾರಿನಲ್ಲಿ ಒಂದು ಗಂಟೆ ಸಾಕು. ಅಕ್ಷರ ನೋಡಿ ‘ಆಂಟಿಗ್ವಾ’ ಎನ್ನುವವರಿದ್ದಾರೆ; ಅಲ್ಲಿನವರ ಬಾಯಲ್ಲಿ ಅದು ‘ಆನ್‌ಟೀಗ’. ನೈಋತ್ಯಕ್ಕೆ ಹಳೆಯ ಜ್ವಾಲಾಮುಖಿಯ ಗುಡ್ಡಗಳು, ಈಶಾನ್ಯಕ್ಕೆ ಸುಣ್ಣಕಲ್ಲು, ನಡುವೆ ಜೇಡಿಮಣ್ಣಿನ ಬಯಲು. ಅಕ್ಷಾಂಶ ಸುಮಾರು 17 ಡಿಗ್ರಿ ಉತ್ತರ, ಅಂದರೆ ಹೆಚ್ಚುಕಡಿಮೆ ನಮ್ಮ ಕಲಬುರಗಿಯ ಸಾಲು. ಬಿಸಿಲೂ ಅಷ್ಟೇ ನೆಟ್ಟಗೆ ಬೀಳುತ್ತದೆ. ಆದರೆ ಪೂರ್ವದ ಮಾರುತ ಸದಾ ಬೀಸುತ್ತಿರುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ, ಸಂಜೆ ಕನ್ನಡಿ ನೋಡಿಕೊಂಡಾಗ ಗೊತ್ತಾಗುತ್ತದೆ. ಟೋಪಿ ಮತ್ತು ತಲಾ ಎರಡು ಲೀಟರ್ ನೀರು ಇಲ್ಲದೆ ಯಾವ ಕೋಟೆಯನ್ನೂ ಹತ್ತಬೇಡಿ. ಕೋಟೆಗಳ ಮೇಲೆ ನೆರಳೂ ಇಲ್ಲ, ಅಂಗಡಿಯೂ ಇಲ್ಲ.

ಸಮಯ ಒಂದೇ ದಿನ ಇದ್ದರೆ ಅದನ್ನು ದಕ್ಷಿಣದ ಇಂಗ್ಲಿಷ್ ಹಾರ್ಬರಿಗೆ ಕೊಡಿ. ನೆಲ್ಸನ್ಸ್ ಡಾಕ್‌ಯಾರ್ಡ್, ಅಂದರೆ ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳನ್ನು ದುರಸ್ತಿ ಮಾಡಿಸುತ್ತಿದ್ದ ನೆಲೆ, ಇರುವುದು ಇಲ್ಲಿ. 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಬ್ರಿಟಿಷರು ಈ ಕೊಲ್ಲಿಯನ್ನು ಆರಿಸಿದ್ದಕ್ಕೆ ಕಾರಣ ಜಾಗದಲ್ಲೇ ಕಾಣುತ್ತದೆ. ಬಾಯಿ ಕಿರಿದು, ಒಳಗೆ ನೀರು ಆಳ, ಸುತ್ತ ಗುಡ್ಡ. ಚಂಡಮಾರುತ ಬಂದರೂ ಹಡಗು ಒಳಗೆ ಭದ್ರ. ಶತ್ರು ಬಂದರೆ ಬಾಯಿಗೆ ಅಡ್ಡಲಾಗಿ ಸರಪಳಿ ಎಳೆದರೆ ಆಯಿತು. ಫ್ರೆಂಚರ ಗ್ವಾಡಲೂಪ್ ದಕ್ಷಿಣಕ್ಕೆ ಕಣ್ಣಳತೆಯ ದೂರದಲ್ಲೇ ಇತ್ತು.

ಇನ್ನೊಂದು ಕಾರಣ ಹುಳು. ಬೆಚ್ಚಗಿನ ನೀರಿನಲ್ಲಿ ಮರಕೊರಕ ಹುಳು ಹಡಗಿನ ತಳವನ್ನು ಜರಡಿ ಮಾಡಿಬಿಡುತ್ತದೆ. ಜೊತೆಗೆ ಪಾಚಿ, ಚಿಪ್ಪು ಅಂಟಿ ವೇಗ ಇಳಿಯುತ್ತದೆ. ತಳ ಕೆರೆದು, ಡಾಂಬರು ಬಳಿದು, ತಾಮ್ರದ ತಗಡು ಹೊಡೆಯಲು ಹಡಗನ್ನು ನೀರಿನಿಂದ ಮೇಲೆತ್ತಬೇಕು. ಇಂಗ್ಲೆಂಡಿನಲ್ಲಾದರೆ ಉಬ್ಬರದಲ್ಲಿ ದಡಕ್ಕೆ ತಂದು ಇಳಿತದಲ್ಲಿ ಕೆಲಸ ಮಾಡುತ್ತಿದ್ದರು. ಇಲ್ಲಿ ಉಬ್ಬರವಿಳಿತದ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಅಡಿ. ಹಾಗಾಗಿ ಹಡಗಿನ ಸಾಮಾನೆಲ್ಲ ಇಳಿಸಿ, ಪಟಸ್ತಂಭಕ್ಕೆ ಹಗ್ಗ ಬಿಗಿದು, ದಡದ ಮೇಲಿನ ರಾಟೆಗೆ ಸುತ್ತಿ, ಹತ್ತಾರು ಜನ ಸೇರಿ ತಿರುಗಿಸಿ ಹಡಗನ್ನೇ ಪಕ್ಕಕ್ಕೆ ಮಲಗಿಸುತ್ತಿದ್ದರು. ಆ ರಾಟೆಗಳು, ಅಂದರೆ ಕ್ಯಾಪ್‌ಸ್ಟನ್‌ಗಳು, ಇಂದಿಗೂ ದಡದಲ್ಲಿವೆ. ಬಹಳ ಜನ ಅದರ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಡಾಕ್‌ಯಾರ್ಡ್ ಇಲ್ಲಿ ಯಾಕಿದೆ ಎನ್ನುವುದಕ್ಕೆ ಉತ್ತರವೇ ಅದು. ಐದು ನಿಮಿಷ ನಿಂತು ನೋಡಿ.

ಒಳಗಿನ ಕಟ್ಟಡಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂದರೆ, ದ್ವಾರ ದಾಟಿ ಮೊದಲು ಎಡಕ್ಕೆ ಅಡ್ಮಿರಲ್ಸ್ ಇನ್ ಕಡೆ ಹೋಗಿ. 1788ರ ಕಟ್ಟಡ, ಕೆಳಗೆ ಡಾಂಬರಿನ ಉಗ್ರಾಣ, ಮೇಲೆ ಎಂಜಿನಿಯರುಗಳ ಕಚೇರಿ ಇದ್ದದ್ದು ಈಗ ಹೋಟೆಲ್. ಅದರ ಪಕ್ಕದಲ್ಲಿ ದಪ್ಪನೆಯ ಕಲ್ಲುಕಂಬಗಳ ಸಾಲು ಆಕಾಶಕ್ಕೆ ಮುಖ ಮಾಡಿ ನಿಂತಿದೆ. ಅದು ದೇವಸ್ಥಾನದ ಅವಶೇಷವಲ್ಲ, ದೋಣಿಮನೆ. ಮೇಲಿನ ಅಂತಸ್ತಿನಲ್ಲಿ ಹಾಯಿ ಹೊಲಿಯುತ್ತಿದ್ದರು, ಕೆಳಗೆ ದೋಣಿಗಳು ನೇರ ಒಳಗೆ ಬರುತ್ತಿದ್ದವು. 1871ರ ಚಂಡಮಾರುತಕ್ಕೆ ಚಾವಣಿ ಹಾರಿಹೋಯಿತು, ಕಂಬ ಉಳಿಯಿತು. ಆಮೇಲೆ 1789ರ ಕಾಪರ್ ಅಂಡ್ ಲಂಬರ್ ಸ್ಟೋರ್, ಹೆಸರೇ ಹೇಳುವಂತೆ ತಾಮ್ರದ ತಗಡು ಮತ್ತು ಮರದ ಕೊಠಾರ. ಮ್ಯೂಸಿಯಂ ಇರುವುದು ಅಡ್ಮಿರಲ್ಸ್ ಹೌಸ್‌ನಲ್ಲಿ. ಬ್ರಿಟಿಷ್ ನೌಕಾಪಡೆಯ ಹೆಸರಾಂತ ಸೇನಾನಿ ನೆಲ್ಸನ್ ಇಲ್ಲಿ ವಾಸವಿದ್ದ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ: ಮನೆ ಕಟ್ಟಿದ್ದು 1855ರಲ್ಲಿ, ಅವನು ಸತ್ತದ್ದು 1805ರಲ್ಲಿ. ಬೊರಿಯಾಸ್ ಎಂಬ ಹಡಗಿನ ಕಪ್ತಾನನಾಗಿ 1784ರಿಂದ 1787ರವರೆಗೆ ಅವನು ಈ ಕಡೆ ಇದ್ದದ್ದು ನಿಜ. ಅಮೆರಿಕದ ಹಡಗುಗಳ ಜೊತೆಗಿನ ವ್ಯಾಪಾರಕ್ಕೆ ಅಡ್ಡ ಬಂದು ದ್ವೀಪದ ತೋಟದ ಧಣಿಗಳ ಸಿಟ್ಟು ಕಟ್ಟಿಕೊಂಡ. ಅವನಿಗೂ ಈ ಊರು ಹಿಡಿಸಲಿಲ್ಲ. ಹೆಸರು ಮಾತ್ರ ಅವನದೇ ನಿಂತಿತು.

ತಪ್ಪಿಸಿಕೊಳ್ಳಬಾರದ ಕಟ್ಟಡ ಆಫೀಸರ್ಸ್ ಕ್ವಾರ್ಟರ್ಸ್, 1821ರದು. ಈಗ ಅಲ್ಲಿ ಅಂಗಡಿ, ಕಚೇರಿಗಳಿರುವುದರಿಂದ ಜನ ಒಳಗೆ ಹೋಗಿ ಬಂದುಬಿಡುತ್ತಾರೆ. ಅದರ ಅಡಿಪಾಯ ನೋಡಿ. ಇಡೀ ಕಟ್ಟಡ ನಿಂತಿರುವುದು 12 ನೀರಿನ ತೊಟ್ಟಿಗಳ ಮೇಲೆ. ಒಟ್ಟು ಸುಮಾರು 2,40,000 ಗ್ಯಾಲನ್ ಹಿಡಿಯುತ್ತವೆ. ಚಾವಣಿಯ ಮೇಲೆ ಬಿದ್ದ ಮಳೆ ನೇರ ಕೆಳಗೆ. ನೂರಾರು ನಾವಿಕರು, ತಿಂಗಳುಗಟ್ಟಲೆ ಪಯಣ, ಊರಲ್ಲಿ ಹೊಳೆಯಿಲ್ಲ. ಇಂಥ ಕಡೆ ಚಾವಣಿಯೇ ಕೆರೆಯ ಕೆಲಸ ಮಾಡಬೇಕಿತ್ತು. ಆಂಟಿಗಾದ ಹಳೆಯ ಮನೆಗಳಲ್ಲಿ ಈಗಲೂ ಮಳೆನೀರಿನ ತೊಟ್ಟಿ ಇದ್ದೇ ಇರುತ್ತದೆ; ನಲ್ಲಿಯಲ್ಲಿ ಬರುವ ನೀರಿನ ಬಹುಪಾಲು ಇವತ್ತು ಸಮುದ್ರದಿಂದ ಉಪ್ಪು ತೆಗೆದದ್ದು.

ಡಾಕ್‌ಯಾರ್ಡ್ ಕಟ್ಟಿದ್ದು, ನಡೆಸಿದ್ದು ಬಹುಮಟ್ಟಿಗೆ ಆಫ್ರಿಕನ್ ಗುಲಾಮರು. ಬಡಗಿ, ಕಮ್ಮಾರ, ಬಿರುಕಿಗೆ ನಾರು ತುರುಕುವವ, ಹಾಯಿ ಹೊಲಿಯುವವ, ಎಲ್ಲ ಕಸಬಿನಲ್ಲೂ ಅವರಿದ್ದರು. ಇದನ್ನು ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ಮುಚ್ಚಿಡದೆ ಹೇಳುತ್ತಾರೆ. ಹಾಗಿದ್ದೂ ಕಣ್ಣಿಗೆ ಮೊದಲು ಬೀಳುವುದು ವಿಹಾರದೋಣಿಗಳು ಮತ್ತು ಕಾಕ್‌ಟೇಲ್ ಫಲಕಗಳು. ಟಿಕೆಟ್ ಜೊತೆಗೆ ಸಿಗುವ ಮಾರ್ಗದರ್ಶಿ ಸುತ್ತಾಟ ಇದ್ದರೆ ಅದನ್ನು ಬಿಡಬೇಡಿ, ಫಲಕ ಓದಿ ತಿಳಿಯುವುದಕ್ಕಿಂತ ಎಷ್ಟೋ ಮೇಲು. ಮಾರ್ಗದರ್ಶಿಗಳು ಖುಷಿಯಿಂದ ಹೇಳುವ ಒಂದು ಪ್ರಸಂಗ 1798ರದು: ಇಬ್ಬರು ಲೆಫ್ಟಿನೆಂಟುಗಳಲ್ಲಿ ಯಾರು ಹಿರಿಯ ಎಂಬ ಜಗಳದಲ್ಲಿ ಲಾರ್ಡ್ ಕ್ಯಾಮೆಲ್‌ಫರ್ಡ್ ಎಂಬುವವ ಇನ್ನೊಬ್ಬನಿಗೆ ಅಲ್ಲೇ ಗುಂಡು ಹೊಡೆದ, ನೌಕಾ ನ್ಯಾಯಾಲಯ ಅವನನ್ನು ಬಿಟ್ಟುಬಿಟ್ಟಿತು. ನೌಕಾಪಡೆ 1889ರಲ್ಲಿ ಇಲ್ಲಿಂದ ಹೊರಟುಹೋಯಿತು. ಹಾಳುಬಿದ್ದ ಜಾಗವನ್ನು 1951ರಿಂದ ದುರಸ್ತಿ ಮಾಡಿ 1961ರಲ್ಲಿ ಮತ್ತೆ ತೆರೆದರು.

ಟಿಕೆಟನ್ನು ಎಸೆಯಬೇಡಿ. ರಾಷ್ಟ್ರೀಯ ಉದ್ಯಾನದ ಅದೇ ಟಿಕೆಟ್ ಶರ್ಲಿ ಹೈಟ್ಸ್ ಮತ್ತು ಡೌಸ್ ಹಿಲ್‌ಗೂ ನಡೆಯುತ್ತದೆ. ಡಾಕ್‌ಯಾರ್ಡಿನ ಹಿಂದಿನಿಂದ ಕಾಲುದಾರಿಯಲ್ಲಿ ಹತ್ತು ನಿಮಿಷ ನಡೆದರೆ ಕೊಲ್ಲಿಯ ಬಾಯಿಗೆ ಕಟ್ಟಿದ ಫೋರ್ಟ್ ಬರ್ಕ್ಲಿ. ಅಲ್ಲಿಂದ ಎದುರು ದಡದಲ್ಲಿ ಪಿಲರ್ಸ್ ಆಫ್ ಹರ್ಕ್ಯುಲಿಸ್ ಕಾಣುತ್ತದೆ, ಅಲೆ ಮತ್ತು ಮಳೆ ಕೊರೆದು ನಿಲ್ಲಿಸಿದ ಕಂಬದಂಥ ಬಂಡೆಗಳು. ದೂರದಿಂದ ನೋಡಿದರೆ ಸಾಕು. ಹತ್ತಿರ ಹೋಗಲು ಗ್ಯಾಲಿಯನ್ ಬೀಚ್ ತುದಿಯಿಂದ ಬಂಡೆ ಮೇಲೆ ಬಂಡೆ ದಾಟಬೇಕು. ಅಲೆ ಏರಿದ ದಿನ ಆ ದಾರಿ ಮಧ್ಯದಲ್ಲೇ ಮುಚ್ಚಿಹೋಗುತ್ತದೆ, ಪಾಚಿಕಲ್ಲಿನ ಮೇಲೆ ಚಪ್ಪಲಿ ನಿಲ್ಲುವುದಿಲ್ಲ.

ಶರ್ಲಿ ಹೈಟ್ಸ್ ಇದೇ ಕೊಲ್ಲಿಯ ಮೇಲಿನ ಗುಡ್ಡದ ಕೋಟೆ, ಸುಮಾರು 490 ಅಡಿ ಎತ್ತರದಲ್ಲಿ. 1780ರ ದಶಕದಲ್ಲಿ ಗವರ್ನರ್ ಆಗಿದ್ದ ಥಾಮಸ್ ಶರ್ಲಿಯ ಹೆಸರು. ಆಂಟಿಗಾದ ಎಲ್ಲ ಪೋಸ್ಟ್‌ಕಾರ್ಡುಗಳಲ್ಲಿರುವ ನೋಟ, ಎರಡು ಕೊಲ್ಲಿಗಳು ಜೋಡಿಯಾಗಿ ಗುಡ್ಡಗಳ ನಡುವೆ ನುಗ್ಗಿರುವ ನೋಟ, ಇಲ್ಲಿಂದಲೇ ತೆಗೆದದ್ದು. ಭಾನುವಾರ ಸಂಜೆ ನಾಲ್ಕರಿಂದ ಇಲ್ಲಿ ಜಾತ್ರೆ: ಮೊದಲು ಸ್ಟೀಲ್‌ಪ್ಯಾನ್ ವಾದ್ಯ, ಕತ್ತಲಾದ ಮೇಲೆ ರೆಗೆ ಸಂಗೀತ, ಜೊತೆಗೆ ಸುಟ್ಟ ಮಾಂಸ ಮತ್ತು ರಮ್ ಪಂಚ್. ಇದಕ್ಕೆ ಪ್ರವೇಶದರ ಬೇರೆ. ಎಣ್ಣೆಯ ಪೀಪಾಯಿ ತಟ್ಟಿ ತಟ್ಟಿ ಸ್ವರ ಹಿಡಿಸಿದ ವಾದ್ಯವನ್ನು ಒಮ್ಮೆ ಎದುರಲ್ಲಿ ಕೇಳಬೇಕು ಎನ್ನುವವರಿಗೆ ಇದು ಸರಿಯಾದ ಜಾಗ. ಆದರೆ ಕೋಟೆ ನೋಡಲು ಭಾನುವಾರ ಸಂಜೆ ಅಷ್ಟೇ ತಪ್ಪು ಹೊತ್ತು. ರಸ್ತೆಯ ಎರಡೂ ಬದಿ ಟ್ಯಾಕ್ಸಿ, ಮುಂದಿನ ಸಾಲು ಹಿಡಿಯಲು ಮುಕ್ಕಾಲು ಗಂಟೆ ಮೊದಲೇ ಹೋಗಬೇಕು. ಡಿಸೆಂಬರಿನಲ್ಲಿ ಸೂರ್ಯ ಸುಮಾರು 5.35ಕ್ಕೇ ಮುಳುಗುತ್ತಾನೆ, ಜೂನ್‌ನಲ್ಲಿ 6.40ರ ಆಸುಪಾಸು, ಇದನ್ನು ಮರೆತು ಆರಕ್ಕೆ ಹತ್ತಿ ಕತ್ತಲೆಯ ಫೋಟೊ ತಂದವರು ಬಹಳ.

ಬೇರೆ ದಿನ ಬೆಳಗ್ಗೆ ಏಳೂವರೆಗೆ ಗ್ಯಾಲಿಯನ್ ಬೀಚ್‌ನಿಂದ ಕಾರ್ಪೆಂಟರ್ಸ್ ಟ್ರೇಲ್ ಹಿಡಿದು ಹತ್ತಿದರೆ ಮುಕ್ಕಾಲು ಗಂಟೆ. ಮೇಲೆ ಒಬ್ಬರೂ ಇರುವುದಿಲ್ಲ. ಸೈನಿಕರ ವಸತಿ, ಆಸ್ಪತ್ರೆಗಳ ಪಾಳು ಗೋಡೆಗಳು, ಸ್ಮಶಾನ, ಹಳದಿಜ್ವರಕ್ಕೆ ಬಲಿಯಾದ ಹುಡುಗರ ಲೆಕ್ಕ. ಇಲ್ಲಿ ಯುದ್ಧಕ್ಕಿಂತ ಸೊಳ್ಳೆ ಕೊಂದದ್ದೇ ಹೆಚ್ಚು. ಆಕಾಶ ತಿಳಿಯಾಗಿದ್ದರೆ ನೈಋತ್ಯಕ್ಕೆ ಮೊಂಟ್ಸೆರಾಟ್ ಕಾಣುತ್ತದೆ, 1995ರಲ್ಲಿ ಎದ್ದ ಜ್ವಾಲಾಮುಖಿಯ ಗುಡ್ಡ ಸಮೇತ.

ಬೆಟ್ಟೀಸ್ ಹೋಪ್ ಬಗ್ಗೆ ಪ್ರವಾಸಿಗರ ಅಭಿಪ್ರಾಯ ಸಾಮಾನ್ಯವಾಗಿ ‘ಎರಡು ಗೋಪುರ ಬಿಟ್ಟರೆ ಏನೂ ಇಲ್ಲ’. ಕನ್ನಡದವರಿಗೆ, ಅದರಲ್ಲೂ ಮಂಡ್ಯದ ಕಡೆ ಆಲೆಮನೆ ನೋಡಿ ಬೆಳೆದವರಿಗೆ, ಈ ಜಾಗ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಇದು ಕಬ್ಬಿನ ತೋಟ. 1674ರಲ್ಲಿ ಕಾಡ್ರಿಂಗ್ಟನ್ ಮನೆತನದ ಕೈಗೆ ಬಂದು 1944ರವರೆಗೆ ಅವರಲ್ಲೇ ಉಳಿಯಿತು. ಹೊಳೆ ಇದ್ದ ದ್ವೀಪಗಳಲ್ಲಿ ಗಾಣಕ್ಕೆ ನೀರಿನ ಚಕ್ರ ಹಾಕಿದರು. ಇಲ್ಲಿ ನೀರಿಲ್ಲ, ಗಾಳಿ ಬೇಕಾದಷ್ಟು. ಅದಕ್ಕೇ ಆಂಟಿಗಾದ ಬಯಲಿನಲ್ಲಿ ಇಂದಿಗೂ ನೂರಕ್ಕೂ ಹೆಚ್ಚು ಗಾಳಿಗಾಣದ ಕಲ್ಲುಗೋಪುರಗಳು ಮೋಟಾಗಿ ನಿಂತಿವೆ. ಕೆಲವು ಮನೆಯಾಗಿವೆ, ಕೆಲವು ಹೋಟೆಲಿನ ಅಲಂಕಾರವಾಗಿವೆ. ರೆಕ್ಕೆ, ಗಾಣ ಸಮೇತ ನೋಡಬೇಕೆಂದರೆ ಬೆಟ್ಟೀಸ್ ಹೋಪ್‌ಗೇ ಬರಬೇಕು. ಜೋಡಿ ಗೋಪುರಗಳಲ್ಲಿ ಒಂದನ್ನು 1995ರಲ್ಲಿ ತಿರುಗುವಂತೆ ಸಜ್ಜುಮಾಡಿದರು.

ಒಳಗೆ ಹೋಗಿ ತಲೆಯೆತ್ತಿ ನೋಡಿ. ಮೇಲಿನ ರೆಕ್ಕೆಯ ಅಡ್ಡಗಂಬದಿಂದ ಹಲ್ಲುಗಾಲಿಗೆ, ಅಲ್ಲಿಂದ ನೆಟ್ಟಗಿನ ದಿಂಡಿಗೆ, ದಿಂಡಿನಿಂದ ಕೆಳಗಿನ ಮೂರು ಉರುಳೆಗಳಿಗೆ. ಒಬ್ಬ ಕಬ್ಬಿನ ಜಲ್ಲೆಯನ್ನು ಈಚೆಯಿಂದ ತೂರಿಸಿದರೆ ಆಚೆ ನಿಂತವ ಅದನ್ನೇ ಎರಡನೇ ಸಂದಿಗೆ ಹಿಂದಿರುಗಿಸುತ್ತಿದ್ದ. ನಮ್ಮ ಗಾಣದಲ್ಲಾದರೆ ಎತ್ತನ್ನು ನಿಲ್ಲಿಸಬಹುದು. ಗಾಳಿಗೆ ‘ನಿಲ್ಲು’ ಎನ್ನಲಾಗದು. ನಿದ್ದೆಗೆಟ್ಟ ಹೊತ್ತಿನಲ್ಲಿ ಬೆರಳು ಸಿಕ್ಕಿಕೊಂಡರೆ ಇಡೀ ತೋಳನ್ನೇ ಎಳೆದುಕೊಳ್ಳುತ್ತಿತ್ತು. ಕೆರಿಬಿಯನ್‌ನ ಗಾಣಗಳ ಪಕ್ಕದಲ್ಲಿ ಕೈ ಕಡಿಯಲೆಂದೇ ಕೊಡಲಿ ಇಡುತ್ತಿದ್ದರು ಎನ್ನುವುದು ದಾಖಲಾದ ಮಾತು. ಕಬ್ಬಿನ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯುವುದರಿಂದ ಕೊಯ್ಲಿನ ತಿಂಗಳುಗಳಲ್ಲಿ ಹಗಲುರಾತ್ರಿ ಪಾಳಿ. ಹಾಲು ಕಾಲುವೆಯಲ್ಲಿ ಇಳಿದು ಕುದಿಮನೆಗೆ. ಅಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೊಪ್ಪರಿಗೆಗಳು. ಮೊದಲನೆಯದರಲ್ಲಿ ಸುಣ್ಣ ಹಾಕಿ ಕೊಳೆ ತೆಗೆದು, ಗಟ್ಟಿಯಾದಂತೆ ಮುಂದಿನದಕ್ಕೆ ಮೊಗೆದು, ಕಡೆಯ ಕೊಪ್ಪರಿಗೆಯಲ್ಲಿ ಹದ ಹಿಡಿಯುವುದು. ಹದಗಾರ ಒಂದು ನಿಮಿಷ ತಡಮಾಡಿದರೆ ಪಾಕ ಸೀಯುತ್ತದೆ. ಬೇಗ ಇಳಿಸಿದರೆ ಹರಳು ಕಟ್ಟುವುದಿಲ್ಲ. ಒಲೆಗೆ ಉರುವಲು ಹಿಂಡಿದ ಸಿಪ್ಪೆ. ಉಳಿದ ಕಾಕಂಬಿ ರಮ್ಮಿಗೆ.

ಕುದಿಮನೆ, ಭಟ್ಟಿಮನೆ, ಧಣಿಯ ಬಂಗಲೆ ಎಲ್ಲವೂ ಈಗ ಅಡಿಪಾಯದ ಮಟ್ಟಕ್ಕೆ ಬಂದಿವೆ. ಹಾಗಾಗಿ ಮೊದಲು ಚಿಕ್ಕ ಮ್ಯೂಸಿಯಂ ಕೊಠಡಿಗೆ ಹೋಗಿ ತೋಟದ ನಕ್ಷೆ ನೋಡಿಕೊಳ್ಳಿ, ಆಮೇಲೆ ಬಯಲಿಗೆ ಇಳಿಯಿರಿ. ಉಲ್ಟಾ ಮಾಡಿದರೆ ಕಲ್ಲುಗುಪ್ಪೆ ಮಾತ್ರ ಕಾಣುತ್ತದೆ. ಕೊಠಡಿಗೆ ಬೀಗ ಬಿದ್ದಿರುವ ದಿನಗಳೂ ಉಂಟು, ಬೆಳಗಿನ ಹೊತ್ತು ಹೋಗುವುದು ಮೇಲು. ಇಲ್ಲಿಗೆ ಬರುವ ಕೊನೆಯ ಮಣ್ಣುರಸ್ತೆ ಮಳೆ ಬಂದರೆ ಕೆಸರು. ಒಂದು ಗಂಟೆ ಧಾರಾಳ ಸಾಕು.

ಅಲ್ಲಿಂದ ಪೂರ್ವಕ್ಕೆ ಹೋದರೆ ಡೆವಿಲ್ಸ್ ಬ್ರಿಡ್ಜ್. ಅಟ್ಲಾಂಟಿಕ್‌ನ ಅಲೆ ಸುಣ್ಣಕಲ್ಲಿನ ಮೆದು ಪದರವನ್ನು ಕೊರೆದುಕೊಂಡು ಹೋಗಿ ಗಟ್ಟಿ ಪದರವನ್ನು ಕಮಾನಿನಂತೆ ಬಿಟ್ಟಿದೆ. ಸುತ್ತಲ ಬಂಡೆಯಲ್ಲಿ ತೂತುಗಳಿವೆ; ಅಲೆ ಒಳಗೆ ನುಗ್ಗಿದಾಗ ಗಾಳಿ ಒತ್ತಿ ನೀರು ಚಿಲುಮೆಯಾಗಿ ಮೇಲೆ ಹಾರುತ್ತದೆ. ಆಫ್ರಿಕಾದ ಕಡೆ ಮುಖ ಮಾಡಿದ ಈ ತುದಿಯಿಂದ ಗುಲಾಮರು ಸಮುದ್ರಕ್ಕೆ ಹಾರಿ ಪ್ರಾಣ ಬಿಡುತ್ತಿದ್ದರು, ಹೆಸರು ಬಂದದ್ದು ಹಾಗೆ, ಎನ್ನುವುದು ಊರಿನವರ ನೆನಪು. ಕಮಾನಿನ ಮೇಲೆ ನಡೆಯುವ ಹುಡುಗರನ್ನು ನೋಡಿ ಆಸೆಪಡಬೇಡಿ. ಕಲ್ಲು ಮೊನಚು, ಮೇಲ್ಭಾಗ ಸದಾ ಒದ್ದೆ, ಏಳು ಅಲೆ ಚಿಕ್ಕದಾಗಿ ಬಂದು ಎಂಟನೆಯದು ತಲೆಮೇಲೆ ಬರುತ್ತದೆ. ಬಿದ್ದವರನ್ನು ಸೆಳೆತ ಹೊರಗೆ ಬಿಡುವುದಿಲ್ಲ. ಹತ್ತು ಮೀಟರ್ ದೂರದಿಂದ ನೋಡಿದರೂ ಅಷ್ಟೇ ಚೆನ್ನ. ಗಟ್ಟಿ ಅಟ್ಟೆಯ ಬೂಟು ಹಾಕಿಕೊಳ್ಳಿ. ಅರ್ಧ ಗಂಟೆಯ ಜಾಗ ಇದು, ಇದಕ್ಕಾಗಿಯೇ ಪ್ರತ್ಯೇಕ ಟ್ಯಾಕ್ಸಿ ಮಾಡುವಷ್ಟಿಲ್ಲ. ಬೆಟ್ಟೀಸ್ ಹೋಪ್ ಮತ್ತು ಹಾಫ್ ಮೂನ್ ಬೇ ಜೊತೆ ಸೇರಿಸಿ ಒಂದು ದಿನ ಮಾಡಿ. ಹಾಫ್ ಮೂನ್ ಬೇ ಚಂದದ ತೀರ. ಆದರೆ 2011ರಿಂದೀಚೆಗೆ ಪೂರ್ವದ ತೀರಗಳಿಗೆಲ್ಲ ಸರ್ಗಾಸಮ್ ಎಂಬ ಕಂದು ಕಡಲಪಾಚಿ ರಾಶಿರಾಶಿಯಾಗಿ ಬಂದು ಬೀಳುತ್ತಿದೆ, ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಹೊರಡುವ ಬೆಳಗ್ಗೆ ಹೋಟೆಲಿನಲ್ಲಿ ವಿಚಾರಿಸಿ. ಪಾಚಿ ಬಂದಿದ್ದರೆ ಈಜುವ ಯೋಚನೆಯನ್ನು ಪಶ್ಚಿಮದ ಡಾರ್ಕ್‌ವುಡ್, ಫ್ರೈಸ್ ತೀರಗಳಿಗೆ ವರ್ಗಾಯಿಸಿ.

ಫಿಗ್ ಟ್ರೀ ಡ್ರೈವ್ ಎಂಬ ಹೆಸರು ಕೇಳಿ ಅತ್ತಿಮರ ಹುಡುಕಬೇಡಿ. ಆಂಟಿಗಾದಲ್ಲಿ ಫಿಗ್ ಎಂದರೆ ಬಾಳೆ. ಸ್ವೀಟ್ಸ್ ಎಂಬ ಊರಿನಿಂದ ಓಲ್ಡ್ ರೋಡ್‌ವರೆಗಿನ ಈ ತಿರುವುರಸ್ತೆಯನ್ನು ‘ಮಳೆಕಾಡು’ ಎಂದು ಮಾರುತ್ತಾರೆ. ಮಡಿಕೇರಿ, ಆಗುಂಬೆ ನೋಡಿದವರಿಗೆ ಇದು ಕುರುಚಲಿಗಿಂತ ಸ್ವಲ್ಪ ಮೇಲು, ಅಷ್ಟೆ. ಕಾಡಿಗಿಂತ ರುಚಿ ವಾಲಿಂಗ್ಸ್ ಕಟ್ಟೆಯ ಕತೆ. 1900ರ ಹೊತ್ತಿಗೆ ಇಲ್ಲಿ 1.3 ಕೋಟಿ ಗ್ಯಾಲನ್‌ನ ಜಲಾಶಯ ಕಟ್ಟಿದರು. 1912ರ ಬರಕ್ಕೆ ಅದು ಬರಿದಾಯಿತು. ಆಮೇಲೆ ಸುತ್ತ ಮರ ನೆಟ್ಟರು, ಕೆರೆಯ ತಳವೂ ಕಾಡಾಯಿತು. ಕಲ್ಲಿನ ಕಟ್ಟೆಯ ಮೇಲೆ ನಿಂತರೆ ಒಂದು ಬದಿಯಲ್ಲಿ ನೀರಿರಬೇಕಾದ ಕಡೆ ಮರಗಳ ತಲೆ ಕಾಣುತ್ತದೆ. ಈಗ ಊರಿನವರೇ ನೋಡಿಕೊಳ್ಳುವ ಸಂರಕ್ಷಿತ ತಾಣ, ಸಣ್ಣ ಪ್ರವೇಶದರವಿದೆ. ಇಲ್ಲಿಂದ ಸಿಗ್ನಲ್ ಹಿಲ್‌ಗೂ ರಾಂದೆವೂ ಬೇ ತೀರಕ್ಕೂ ಕಾಲುದಾರಿಗಳಿವೆ. ತೀರದ ದಾರಿ ಒಂದು ಗಂಟೆಯ ಆಸುಪಾಸು; ಮಳೆಯ ಮರುದಿನ ಜೇಡಿಮಣ್ಣು ಬೂಟಿಗೆ ಇಟ್ಟಿಗೆಯಂತೆ ಅಂಟುತ್ತದೆ, ಕವಲುಗಳಲ್ಲಿ ಗುರುತು ಕಡಿಮೆ, ತುದಿಯಲ್ಲಿ ಕುಡಿಯಲು ಏನೂ ಸಿಗುವುದಿಲ್ಲ. ರಸ್ತೆಬದಿಯಲ್ಲಿ ಆಂಟಿಗಾದ ಕಪ್ಪು ಅನಾನಸ್ ಸಿಕ್ಕರೆ ಬಿಡಬೇಡಿ. ಬಣ್ಣ ಕಪ್ಪಲ್ಲ, ಹಣ್ಣಾದರೂ ಸಿಪ್ಪೆ ಕಡುಹಸಿರಾಗಿಯೇ ಇರುತ್ತದೆ. ಹುಳಿ ತೀರ ಕಡಿಮೆ. ದ್ವೀಪದ ಅತಿ ಎತ್ತರದ ಬಾಗ್ಗಿ ಪೀಕ್ ಇದೇ ಕಡೆ, 402 ಮೀಟರ್. 2009ರಲ್ಲಿ ಇದಕ್ಕೆ ಮೌಂಟ್ ಒಬಾಮಾ ಎಂದು ಹೆಸರಿಟ್ಟದ್ದರಿಂದ ನಕ್ಷೆಗಳಲ್ಲಿ ಎರಡೂ ಹೆಸರು ಕಾಣುತ್ತವೆ.

ಕೋಟೆಗಳಲ್ಲಿ ಒಂದನ್ನೇ ಆರಿಸುವುದಾದರೆ ಡೀಪ್ ಬೇ ಮೇಲಿನ ಫೋರ್ಟ್ ಬ್ಯಾರಿಂಗ್ಟನ್. ತೀರದ ಉತ್ತರದ ತುದಿಯಿಂದ ಇಪ್ಪತ್ತು ನಿಮಿಷದ ಏರು. ಕೆಳಗಿನ ಕೊಲ್ಲಿಯ ನಡುವೆ ಆಂಡೀಸ್ ಎಂಬ ಹಾಯಿಹಡಗು ಮುಳುಗಿದೆ. 1905ರಲ್ಲಿ ಟ್ರಿನಿಡಾಡ್‌ನಿಂದ ಡಾಂಬರು ತುಂಬಿಕೊಂಡು ಹೊರಟಾಗ ಸರಕು ಒಳಗೇ ಬೆಂಕಿ ಹಿಡಿಯಿತು. ಆಳ ಆರೇಳು ಮೀಟರ್ ಅಷ್ಟೇ ಆದ್ದರಿಂದ ಅದನ್ನು ನೋಡಲು ಸ್ನಾರ್ಕೆಲ್, ಅಂದರೆ ಈಜುವಾಗ ಉಸಿರಾಡುವ ಕೊಳವೆ, ಸಾಕು. ಗಾಳಿಯ ದಿನ ನೀರು ಕದಡಿ ಏನೂ ಕಾಣದು. ಸೇಂಟ್ ಜಾನ್ಸ್ ಬಂದರಿನ ಫೋರ್ಟ್ ಜೇಮ್ಸ್‌ನಲ್ಲಿ ಹಳೆಯ ಫಿರಂಗಿಗಳಿವೆ. ಹಡಗಿನಿಂದ ಇಳಿದು ಮೂರು ಗಂಟೆ ಮಾತ್ರ ಇರುವವರಿಗೆ ಸರಿ.

ರಾಜಧಾನಿ ಸೇಂಟ್ ಜಾನ್ಸ್‌ಗೆ ಅರ್ಧ ದಿನ. ಕ್ರೂಸ್ ಹಡಗು ಬಂದ ದಿನ ಬಂದರಿನ ಕಡೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿನ ಹೆರಿಟೇಜ್ ಕೀ ಎಂಬ ತೆರಿಗೆರಹಿತ ಅಂಗಡಿಸಾಲು ಯಾವ ವಿಮಾನ ನಿಲ್ದಾಣದಲ್ಲೂ ಸಿಗುವಂಥದ್ದು. ಗುಡ್ಡದ ಮೇಲಿನ ಕ್ಯಾಥೆಡ್ರಲ್ ನೋಡಿ. 1843ರ ಭೂಕಂಪಕ್ಕೆ ಹಿಂದಿನದು ಬಿದ್ದು, ಈಗಿನದು 1845ರ ಸುಮಾರಿಗೆ ಎದ್ದದ್ದು. ಹೊರಗೆ ಕಲ್ಲು, ಒಳಗೆ ಪೂರ್ತಿ ಪೈನ್ ಮರದ ಹೊದಿಕೆ. ಕಲ್ಲು ಅಲುಗಿದರೂ ಒಳಗಿನ ಮರದ ಚೌಕಟ್ಟು ಹಿಡಿದುಕೊಳ್ಳಲಿ ಎಂಬ ಲೆಕ್ಕ. 1974ರ ಭೂಕಂಪದಲ್ಲಿ ಪೆಟ್ಟು ತಿಂದರೂ ಬೀಳಲಿಲ್ಲ. ಹಳೆಯ ನ್ಯಾಯಾಲಯದ ಕಟ್ಟಡದಲ್ಲಿರುವ ಮ್ಯೂಸಿಯಂ ಚಿಕ್ಕದು, ಆದರೆ ಕಾಟಾಚಾರದ್ದಲ್ಲ. 1736ರಲ್ಲಿ ಗವರ್ನರನ ನೃತ್ಯಕೂಟವನ್ನೇ ಸ್ಫೋಟಿಸಲು ಹೂಡಿದ ಗುಲಾಮರ ಬಂಡಾಯ ಬಯಲಾಗಿ 88 ಜನರನ್ನು ಕೊಂದರು. ಅದರ ನಾಯಕ ಪ್ರಿನ್ಸ್ ಕ್ಲಾಸ್ ಇವತ್ತು ರಾಷ್ಟ್ರವೀರ. ಸುತ್ತಲ ದ್ವೀಪಗಳಲ್ಲಿ ಗುಲಾಮಗಿರಿ ಮುಗಿದ ಮೇಲೂ ‘ತರಬೇತಿ’ಯ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಸಿಕೊಂಡರೆ, ಆಂಟಿಗಾದಲ್ಲಿ 1834ರ ಆಗಸ್ಟ್ 1ರಂದೇ ಪೂರ್ತಿ ಬಿಡುಗಡೆ. ಇಂಗ್ಲಿಷ್ ಹಾರ್ಬರ್ ದಾರಿಯಲ್ಲಿ ಸಿಗುವ ಲಿಬರ್ಟಾ ಹಾಗೆ ಬಿಡುಗಡೆಯಾದವರು ಕಟ್ಟಿಕೊಂಡ ಮೊದಲ ಊರುಗಳಲ್ಲಿ ಒಂದು.

ಕ್ರಿಕೆಟ್ ಬಲ್ಲವರು ಊರೊಳಗಿನ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್ ಹೊರಗೆ ಹತ್ತು ನಿಮಿಷ ನಿಲ್ಲುತ್ತಾರೆ. ವಿವಿಯನ್ ರಿಚರ್ಡ್ಸ್ 1986ರಲ್ಲಿ 56 ಎಸೆತಗಳಲ್ಲಿ ನೂರು ಹೊಡೆದದ್ದು, ಲಾರಾನ 375 ಮತ್ತು ಅಜೇಯ 400 ಇಲ್ಲೇ. ನಮಗೆ ಇನ್ನೊಂದು ಲೆಕ್ಕವಿದೆ: 2002ರ ಮೇ ತಿಂಗಳಲ್ಲಿ ಡಿಲನ್‌ನ ಚೆಂಡಿಗೆ ದವಡೆ ಮುರಿದ ಅನಿಲ್ ಕುಂಬ್ಳೆ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದು ಲಾರಾನನ್ನು ಎಲ್‌ಬಿಡಬ್ಲ್ಯು ಬೀಳಿಸಿದ್ದೂ ಇದೇ ಮೈದಾನ. 2007ರ ವಿಶ್ವಕಪ್‌ಗೆ ಕಟ್ಟಿದ ಹೊಸ ವಿವಿಯನ್ ರಿಚರ್ಡ್ಸ್ ಕ್ರೀಡಾಂಗಣ ಊರ ಹೊರಗಿದೆ. 2009ರಲ್ಲಿ ಅಲ್ಲಿ ಮರಳು ತುಂಬಿದ ನೆಲದ ಮೇಲೆ ಬೌಲರುಗಳ ಕಾಲೇ ಊರದೆ ಹತ್ತು ಎಸೆತಕ್ಕೆ ಟೆಸ್ಟ್ ನಿಂತುಹೋಗಿ, ಆಟವನ್ನು ಮತ್ತೆ ಈ ಹಳೆಯ ಮೈದಾನಕ್ಕೇ ತರಬೇಕಾಯಿತು.

ಪ್ರಾಣಿಪಕ್ಷಿ ಬೇಕೆನ್ನುವವರು ಈಶಾನ್ಯದ ಗ್ರೇಟ್ ಬರ್ಡ್ ಐಲೆಂಡ್‌ಗೆ ದೋಣಿಯಲ್ಲಿ ಹೋಗಬೇಕು. ಆಂಟಿಗನ್ ರೇಸರ್ ಎಂಬ ವಿಷವಿಲ್ಲದ ಹಾವು 1995ರಲ್ಲಿ ಸುಮಾರು 50 ಮಾತ್ರ ಉಳಿದಿತ್ತು, ಅಷ್ಟೂ ಈ ಪುಟ್ಟ ದ್ವೀಪದಲ್ಲಿ. ಕಾರಣ ನಮ್ಮ ಕಡೆಯದೇ: ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಎಂದು ಭಾರತದ ಮುಂಗುಸಿಯನ್ನು ಕೆರಿಬಿಯನ್‌ಗೆ ತಂದು ಬಿಟ್ಟರು. ಇಲಿ ರಾತ್ರಿ ಓಡಾಡುತ್ತದೆ, ಮುಂಗುಸಿ ಹಗಲು. ಮುಂಗುಸಿ ಹಗಲಲ್ಲಿ ಸಿಕ್ಕ ಹಾವನ್ನು ಮುಗಿಸಿತು. ಚಿಕ್ಕ ದ್ವೀಪಗಳಲ್ಲಿ ಹಾವಿಗೆ ಕಾಟ ಕೊಡುತ್ತಿದ್ದ ಇಲಿಗಳನ್ನು ತೆಗೆದು ಹಾವನ್ನು ಮತ್ತೆ ಬೆಳೆಸಿದ್ದಾರೆ. ದೋಣಿಯಿಂದ ಇಳಿಯುವ ಮುನ್ನ ಚೀಲ ಕೊಡವಿ, ತಿಂಡಿಯ ಚೂರು ಬಿಡಬೇಡಿ. ಒಂದು ಇಲಿ ಜೊತೆಗೆ ಬಂದರೂ ಅಷ್ಟು ವರ್ಷದ ಕೆಲಸ ನೀರುಪಾಲು.

ಬಾರ್ಬುಡಾ ಇದೇ ದೇಶಕ್ಕೆ ಸೇರಿದ ಬೇರೆಯೇ ದ್ವೀಪ, ಫೆರ್ರಿಯಲ್ಲಿ ಒಂದೂವರೆ ಗಂಟೆ. ಅಲ್ಲಿನ ಕಾಡ್ರಿಂಗ್ಟನ್ ಲಗೂನ್‌ನಲ್ಲಿ ಫ್ರಿಗೇಟ್ ಹಕ್ಕಿಗಳ ದೊಡ್ಡ ನೆಲೆಯಿದೆ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಗಂಡುಗಳು ಕೆಂಪು ಗಂಟಲಚೀಲವನ್ನು ಬಲೂನಿನಂತೆ ಊದಿಕೊಂಡು ಕೂರುತ್ತವೆ. ಒಳಗೆ ಸ್ಥಳೀಯ ದೋಣಿಯವರ ಜೊತೆಯಲ್ಲೇ ಹೋಗಬೇಕು, ಮೊದಲೇ ಹೇಳಿಡಬೇಕು. 2017ರ ಸೆಪ್ಟೆಂಬರಿನ ಇರ್ಮಾ ಚಂಡಮಾರುತದ ನಂತರ ಇಡೀ ದ್ವೀಪವನ್ನೇ ಖಾಲಿ ಮಾಡಿಸಿದ್ದರು, ಆದ್ದರಿಂದ ಸೌಕರ್ಯ ಕಡಿಮೆ. ಕಡಲು ಎದ್ದರೆ ಫೆರ್ರಿ ರದ್ದಾಗುತ್ತದೆ. ವಾಪಸು ವಿಮಾನದ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

ಓಡಾಟಕ್ಕೆ ಬಾಡಿಗೆ ಕಾರು ಅನುಕೂಲ. ನಮ್ಮಂತೆ ರಸ್ತೆಯ ಎಡಬದಿ. ತಾತ್ಕಾಲಿಕ ಸ್ಥಳೀಯ ಪರವಾನಗಿಯನ್ನು ಕಾರು ಕೊಡುವವರೇ ಮಾಡಿಸುತ್ತಾರೆ. ಗುಂಡಿ ಮತ್ತು ಫಲಕವಿಲ್ಲದ ಕವಲು ಎರಡೂ ಹೆಚ್ಚು, ಕತ್ತಲೆಯಲ್ಲಿ ಓಡಿಸುವುದು ಬೇಡ. ಡಾಕ್‌ಯಾರ್ಡಿಗೆ ಮಾತ್ರ ಹೋಗುವುದಾದರೆ ಸೇಂಟ್ ಜಾನ್ಸ್ ಮಾರುಕಟ್ಟೆ ಎದುರಿನ ವೆಸ್ಟ್ ಬಸ್ ಸ್ಟೇಷನ್‌ನಿಂದ 17ನೇ ನಂಬರ್ ಬಸ್ಸು ಸಾಕು. ತುಂಬಿದ ಮೇಲೆಯೇ ಹೊರಡುತ್ತದೆ, ಸಂಜೆಯ ನಂತರ ಮತ್ತು ಭಾನುವಾರ ನಂಬುವಂತಿಲ್ಲ. ಟ್ಯಾಕ್ಸಿಗೆ ಮೀಟರ್ ಇಲ್ಲ. ದರ ಕೇಳುವಾಗ ಯಾವ ಡಾಲರ್ ಎಂದೂ ಕೇಳಿ: ಒಂದು ಅಮೆರಿಕನ್ ಡಾಲರಿಗೆ 2.70 ಪೂರ್ವ ಕೆರಿಬಿಯನ್ ಡಾಲರ್. ಇದನ್ನು ಕೇಳದೆ ಹತ್ತಿ, ಇಳಿಯುವಾಗ ಜಗಳ ಆಡುವುದು ಇಲ್ಲಿನ ಅತಿ ಸಾಮಾನ್ಯ ಎಡವಟ್ಟು.

ಊಟದಲ್ಲಿ ಫಂಜಿ ಕೇಳಿ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಕೋಲಿನಲ್ಲಿ ತಿರುವಿ ಉಂಡೆ ಕಟ್ಟಿದ್ದು, ಬಣ್ಣ ಬಿಟ್ಟರೆ ನಮ್ಮ ಮುದ್ದೆಯೇ. ಜೊತೆಗೆ ಬರುವ ಪೆಪ್ಪರ್‌ಪಾಟ್‌ನಲ್ಲಿ ಸೊಪ್ಪಿನ ನಡುವೆ ಉಪ್ಪುಮಾಂಸ ಇರುತ್ತದೆ, ಸಸ್ಯಾಹಾರಿಗಳು ಮೊದಲೇ ಹೇಳಬೇಕು. ಸಿಹಿಗೆಣಸು, ತೆಂಗಿನಕಾಯಿ ತುರಿದು ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಡುಕಾನಾ ಸಿಹಿಕಡುಬಿನ ನೆಂಟ. ಮಾಂಸವೇ ಬೇಡ ಎಂದರೆ ಕೆರಿಬಿಯನ್‌ನ ರಾಸ್ತಫಾರಿ ಪಂಥದವರ ‘ಐಟಲ್’ ಊಟ ಹುಡುಕಿ. ಉಪ್ಪು ಮಾತ್ರ ಕಡಿಮೆ ಇರಬಹುದು.

ತೀರದಲ್ಲಿ ಚಿಕ್ಕ ಹಸಿರು ಸೇಬಿನಂಥ ಕಾಯಿ ಬಿಟ್ಟ ಮರ ಕಂಡರೆ ಅದು ಮ್ಯಾಂಚಿನೀಲ್: ಕಾಯಿ ವಿಷ, ಹಾಲು ತಾಗಿದರೆ ಬೊಬ್ಬೆ, ಮಳೆಯಲ್ಲಿ ಅದರ ಕೆಳಗೆ ನಿಂತರೂ ಚರ್ಮ ಸುಡುತ್ತದೆ. ಕೆಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲ ಕಡೆ ಅಲ್ಲ. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಡಿಸೆಂಬರಿನಿಂದ ಏಪ್ರಿಲ್ ಒಣಹವೆ, ಬೆಲೆ ದುಬಾರಿ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸಲಿಕ್ಕೂ ಭಾರತೀಯ ಪಾಸ್‌ಪೋರ್ಟಿಗೆ ಅಲ್ಲಿನ ವೀಸಾ ಬೇಕು. ಲಂಡನ್ ದಾರಿಯಲ್ಲಿ ಹೀಥ್ರೋದಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತಬೇಕಾಗಿ ಬಂದರೆ ಬ್ರಿಟನ್ನಿನ ವೀಸಾ ಜೊತೆಗೆ ಐದಾರು ಗಂಟೆಯ ಅಂತರವನ್ನೂ ಇಟ್ಟುಕೊಳ್ಳಿ. ಪೆಟ್ಟಿಗೆ ಕಟ್ಟುವಾಗ ಸೇನೆಯ ಮಾದರಿಯ ಹಸಿರು ಚುಕ್ಕೆಯ ಪ್ಯಾಂಟು, ಟೋಪಿ ಇದ್ದರೆ ಮನೆಯಲ್ಲೇ ಬಿಡಿ. ಆಂಟಿಗಾದಲ್ಲಿ ಸೈನಿಕರಲ್ಲದವರು ಅದನ್ನು ತೊಡುವುದು ಅಪರಾಧ, ಮಕ್ಕಳ ಬಟ್ಟೆಗೂ ವಿನಾಯಿತಿ ಇಲ್ಲ.